ಆವರಣದ ಮುಂದೆ ನಿಂತವನ ಧರ್ಮ

ಗದಗಕ್ಕೆ ಸಮೀಪದ ಬಿಂಕದಕಟ್ಟಿಯಲ್ಲಿ 1972ರಲ್ಲಿ ಸ್ಥಾಪಿತವಾದ ಸಣ್ಣ ಮೃಗಾಲಯವೊಂದಿದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಆರಂಭವಾದ ಮೈಸೂರಿನ ಮೃಗಾಲಯಕ್ಕಿರುವ ವಿಸ್ತಾರವಾಗಲಿ ಕೀರ್ತಿಯಾಗಲಿ ಇದಕ್ಕಿಲ್ಲ. ಆದರೆ ಇದು ನಿಂತಿರುವ ನೆಲವು ವಿಚಾರಪರನಾದವನನ್ನು ಸುಮ್ಮನೆ ಮುಂದೆ ಹೋಗಗೊಡುವಂಥದಲ್ಲ. ಒಂದು ದಿಕ್ಕಿಗೆ, ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ವರ್ಷಗಳ ಹಿಂದೆ ಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿ. ಇನ್ನೊಂದು ದಿಕ್ಕಿಗೆ, ಚಿರತೆ, ತೋಳ, ಕತ್ತೆಕಿರುಬಗಳು ತಮ್ಮ ಇಚ್ಛೆಯಂತೆ ಅಲೆಯುವ ಕಪ್ಪತಗುಡ್ಡ. ಅದರಾಚೆಗೆ, ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ಹಾರಿ ದಾಟಿ ಬಂದಿಳಿಯುವ ಮಾಗಡಿಯ ಕೆರೆ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಜನರು ಬಾಳಿದ ಈ ಸೀಮೆಯಲ್ಲಿ, ಮೃಗಪಕ್ಷಿಗಳು ಇಂದಿಗೂ ಸ್ವಚ್ಛಂದವಾಗಿ ಸಂಚರಿಸುತ್ತಿರುವ ಗುಡ್ಡಕೆರೆಗಳ ನಡುವೆ, ಕೆಲವು ಪ್ರಾಣಿಗಳನ್ನು ಬೇಲಿಯೊಳಗಿರಿಸಿ ನೋಡುವುದು ಧರ್ಮಕ್ಕೆ ಸಮ್ಮತವೆ ಎಂಬ ಪ್ರಶ್ನೆಯು ಇಲ್ಲಿ ತಾನಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಎತ್ತಿರಲಿಲ್ಲವೆಂದು ತಿಳಿಯಬಾರದು. ಗೃಹಸ್ಥನಾದ ಜೈನ ಶ್ರಾವಕನು ಕೈಕೊಳ್ಳುವ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ದೋಷಗಳನ್ನು, ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಎಣಿಸುತ್ತದೆ: ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿದ ಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು. ರಕ್ತ ಸುರಿಯುವ ಮೊದಲೇ, ಕೋಲು ಮೇಲೇಳುವ ಮೊದಲೇ, ಬಂಧನವೆಂಬುದು ಆ ಎಣಿಕೆಯ ಮೊದಲನೆಯ ಸ್ಥಾನದಲ್ಲಿ ನಿಂತಿದೆ. ಇಂದಿನ ಸುವ್ಯವಸ್ಥಿತವಾದ ಮೃಗಾಲಯವು ಉಳಿದ ನಾಲ್ಕು ದೋಷಗಳಿಂದ ಬಹುಮಟ್ಟಿಗೆ ಮುಕ್ತವಾಗಿದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಆಹಾರವುಂಟು, ರೋಗಕ್ಕೆ ಔಷಧವುಂಟು, ಪ್ರಾಣಿಯನ್ನು ಮಗುವಿನಂತೆ ಕಾಣುವ ಪಾಲಕರುಂಟು. ಆದರೆ ನಾಲ್ಕನ್ನು ನೀಗಿಕೊಂಡ ಮಾತ್ರಕ್ಕೆ ಮೊದಲನೆಯದು ತಾನಾಗಿ ಕ್ಷಮಾರ್ಹವಾಗುವುದಿಲ್ಲ.

ಆಧುನಿಕರ ವಿಚಾರವೂ ಬೇರೆ ದಾರಿಯಿಂದ ಇದೇ ಸ್ಥಳಕ್ಕೆ ಬಂದು ಮುಟ್ಟಿರುವುದು ಗಮನಾರ್ಹವಾಗಿದೆ. ಹಸಿವು ಬಾಯಾರಿಕೆಗಳಿಂದ, ಇರುವಿಕೆಯ ಕಷ್ಟದಿಂದ, ನೋವು ರೋಗಗಳಿಂದ, ಭಯೋದ್ವೇಗಗಳಿಂದ ಬಿಡುಗಡೆ ಹಾಗೂ ತನ್ನ ಸ್ವಭಾವಕ್ಕನುಗುಣವಾಗಿ ವರ್ತಿಸುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳು ಪ್ರಾಣಿಗಳಿಗೆ ಸಲ್ಲತಕ್ಕವೆಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಜಲ್ಲಿಕಟ್ಟಿನ ಪ್ರಕರಣದ ತೀರ್ಪಿನಲ್ಲಿ ಎತ್ತಿಹಿಡಿಯಿತು. ಇವುಗಳಲ್ಲಿ ಮೊದಲ ನಾಲ್ಕನ್ನು ಹಣದಿಂದಲೂ ಶ್ರದ್ಧೆಯಿಂದಲೂ ಒದಗಿಸಬಹುದು, ಕೊನೆಯದೇ ಕಠಿಣ. ಕಾಡಿನಲ್ಲಿ ಬಹುದೂರ ಸಂಚರಿಸುವ ಮಾಂಸಾಹಾರಿಗಳೇ ಬಂಧನದಲ್ಲಿ ಹೆಚ್ಚು ಕ್ಲೇಶಪಡುತ್ತವೆಂದು ಕ್ಲಬ್ ಮತ್ತು ಮೇಸನ್ ಎಂಬ ವಿಜ್ಞಾನಿಗಳು 2003ರಲ್ಲಿ ತೋರಿಸಿಕೊಟ್ಟರು. ಕಂಬಿಯ ಪಕ್ಕದಲ್ಲಿ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಇತ್ತಿಂದತ್ತ ನಡೆಯುತ್ತಲೇ ಇರುವ ಹುಲಿಗೆ ಯಾವ ಗಾಯವೂ ಇರುವುದಿಲ್ಲ. ಅದರ ನೋವೆಲ್ಲವೂ ಆ ನಡಿಗೆಯಲ್ಲಿರುತ್ತದೆ.

ಹಾಗಾದರೆ ಈ ಬಂಧನದ ಹೊಣೆ ಯಾರದು? ಇಲ್ಲಿ ನೇಮಿನಾಥನ ಕಥೆಯನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಕರ್ಣಪಾರ್ಯನು ಕನ್ನಡದಲ್ಲಿ ಆ ತೀರ್ಥಂಕರನ ಪುರಾಣವನ್ನೇ ರಚಿಸಿದ್ದಾನೆ. ರಾಜೀಮತಿಯೊಡನೆ ವಿವಾಹಕ್ಕೆಂದು ಹೊರಟ ನೇಮಿಯು ದಾರಿಯಲ್ಲಿ ಆವರಣವೊಂದರೊಳಗೆ ಒತ್ತೊತ್ತಾಗಿ ಕೂಡಿಹಾಕಿದ ಮೃಗಗಳ ಆಕ್ರಂದನವನ್ನು ಕೇಳಿ, ಇವು ತನ್ನ ಮದುವೆಯ ಔತಣಕ್ಕಾಗಿ ತಂದವೆಂದು ತಿಳಿದು, ಅಲ್ಲಿಂದಲೇ ವಿಮುಖನಾಗಿ ತಪಸ್ಸಿಗೆಂದು ಗಿರನಾರಿನ ದಾರಿ ಹಿಡಿದನು. ಅವನು ಅವುಗಳನ್ನು ಹಿಡಿದವನಲ್ಲ, ಹಿಡಿಯಿರೆಂದು ಆಜ್ಞಾಪಿಸಿದವನೂ ಅಲ್ಲ. ಆದರೂ ಯಾರ ಸುಖಕ್ಕಾಗಿ ಆ ಬೇಲಿ ಎದ್ದಿತ್ತೋ ಅವನು ತಾನೆಂಬ ಅರಿವು ಅವನಿಗೆ ಸಾಕಾಯಿತು. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಎಂದು ಕರ್ಮವನ್ನು ಮೂರು ಬಗೆಯಾಗಿ ವಿಭಾಗಿಸುವ ಜೈನದರ್ಶನದ ದೃಷ್ಟಿಯಲ್ಲಿ, ಮೃಗಾಲಯದ ಬಾಗಿಲಲ್ಲಿ ಚೀಟಿ ಕೊಂಡು ಒಳಹೊಗುವ ನಾವೆಲ್ಲರೂ ಮೂರನೆಯ ಬಗೆಗೆ ಸೇರಿದವರು. ಬೇಲಿಯನ್ನು ಸರ್ಕಾರ ಹಾಕಿತು, ಬೀಗವನ್ನು ಪಾಲಕ ಹಾಕಿದ ಎಂದು ಹೇಳಿ ನಾವು ಪಾರಾಗುವಂತಿಲ್ಲ. ನಮ್ಮ ಕಣ್ಣಿಗಾಗಿಯೇ ಅದೆಲ್ಲವೂ ಏರ್ಪಟ್ಟಿದೆ.

ಆದರೆ ನೇಮಿಯ ಕಾಲಕ್ಕೆ ಸುಲಭವಾಗಿದ್ದ ಬಿಡುಗಡೆಯು ನಮಗೆ ಸುಲಭವಲ್ಲ. ಆ ಮೃಗಗಳು ಹೊಸದಾಗಿ ಹಿಡಿದವು. ಬೇಲಿ ತೆರೆದರೆ ಹಿಂದಿರುಗಲು ಅವಕ್ಕೆ ಕಾಡಿತ್ತು. ತಾಯಿಯನ್ನು ಕಳೆದುಕೊಂಡು ಮನುಷ್ಯರ ಕೈಯಲ್ಲಿ ಹಾಲು ಕುಡಿದು ಬೆಳೆದ ಚಿರತೆಯ ಮರಿಯನ್ನಾಗಲಿ, ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡ ಕರಡಿಯನ್ನಾಗಲಿ ಇಂದು ಗುಡ್ಡಕ್ಕೆ ಅಟ್ಟಿದರೆ, ಅದು ಬೇಟೆಯಾಡಲರಿಯದೆ ಸಾಯಬಹುದು, ಇಲ್ಲವೆ ಊರೊಳಗೆ ನುಗ್ಗಿ ಸಾಯಬಹುದು. ಅಂಥ ಪ್ರಾಣಿಗೆ ಬಾಗಿಲು ತೆರೆಯುವುದು ಕರುಣೆಯ ವೇಷ ಧರಿಸಿದ ಪರಿತ್ಯಾಗವಾದೀತು. ಆದುದರಿಂದ ಒಂದೇ ಕಂಬಿ, ಒಂದೇ ಬೀಗ ಒಂದು ಪ್ರಾಣಿಯ ಪಾಲಿಗೆ ಆಶ್ರಯವೂ ಮತ್ತೊಂದರ ಪಾಲಿಗೆ ಸೆರೆಯೂ ಆಗುತ್ತದೆ. ಬೇರೆಲ್ಲಿಯೂ ಬದುಕಲಾರದ ಜೀವವನ್ನು ಅದರ ಸಲುವಾಗಿಯೇ ಇರಿಸಿಕೊಂಡಿದ್ದೇವೆಯೆ, ನಮ್ಮ ಕುತೂಹಲದ ಸಲುವಾಗಿ ಇರಿಸಿಕೊಂಡಿದ್ದೇವೆಯೆ ಎಂಬುದೇ ಇಲ್ಲಿ ನಿರ್ಣಾಯಕವಾದ ಪ್ರಶ್ನೆ.

ಸಣ್ಣ ಮೃಗಾಲಯವು ಜಾರಬಹುದಾದ ಸ್ಥಳವೂ ಇದೇ. ದೊಡ್ಡದರ ಹಾಗೆ ತಾನೂ ಆಗಬೇಕೆಂಬ ಹಂಬಲದಿಂದ ಅದು ಸಂಖ್ಯೆಯನ್ನೂ ವೈವಿಧ್ಯವನ್ನೂ ಬಯಸತೊಡಗಿದರೆ, ಜೊತೆಯಿಲ್ಲದ ಒಂಟಿ ಪ್ರಾಣಿಗಳು ಅಲ್ಲಿ ಸೇರುತ್ತವೆ. ಈ ಬಯಲುಸೀಮೆಯ ಬಿಸಿಲಿಗೆ ಒಗ್ಗದ ಜೀವಗಳು ಬರುತ್ತವೆ. ಇದ್ದ ಜಿಂಕೆಗಳು ಆವರಣ ತುಂಬಿ ಮಿಗುವಷ್ಟು ಹೆಚ್ಚುತ್ತವೆ. ಶ್ರಾವಕಾಚಾರದ ಗ್ರಂಥಗಳು ಹೊಲಮನೆ, ಹೊನ್ನುಧಾನ್ಯಗಳ ಜೊತೆಗೆ ನಾಲ್ಕು ಕಾಲಿನ ಪ್ರಾಣಿಗಳನ್ನೂ ಪರಿಗ್ರಹದಲ್ಲಿ ಸೇರಿಸಿ, ಅದಕ್ಕೊಂದು ಪರಿಮಾಣವನ್ನು ಹಾಕಿಕೊಳ್ಳೆಂದು ವಿಧಿಸಿದುದರ ವಿವೇಕವು ಇಲ್ಲಿ ಮನದಟ್ಟಾಗುತ್ತದೆ. ಜೀವಗಳ ಸಂಗ್ರಹವೂ ಸಂಗ್ರಹವೇ. ಅದಕ್ಕೂ ಲೋಭವೇ ಮೂಲವಾಗಬಲ್ಲುದು. 1992ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ನಿಯಮಗಳು ಹೊರಗಿನಿಂದ ಈ ಲೋಭಕ್ಕೆ ಕಡಿವಾಣ ಹಾಕಬಲ್ಲವು. ಒಳಗಿನಿಂದ ಹಾಕಬೇಕಾದುದು ವ್ರತಬುದ್ಧಿ.

ಹಳ್ಳಿಯ ಶಾಲೆಯ ಮಗುವಿಗೆ ಹುಲಿಯನ್ನು ಕಾಣುವ ಭಾಗ್ಯವೇ ಬೇಡವೆ ಎಂದು ಕೇಳುವವರುಂಟು. ಅದು ತಳ್ಳಿಹಾಕುವ ಮಾತಲ್ಲ. ದೂರದ ಪ್ರಯಾಣಕ್ಕೆ ಹಣವಿಲ್ಲದವರಿಗೆ ಇಂಥ ಸಣ್ಣ ಮೃಗಾಲಯವೇ ವನ್ಯಲೋಕದ ಏಕಮಾತ್ರ ದ್ವಾರ. ಆದರೆ ಆ ಮಗು ಪ್ರಾಣಿಗಿಂತ ಮೊದಲು ಆವರಣವನ್ನು ಓದುತ್ತದೆ. ಬರಿಯ ಸಿಮೆಂಟಿನ ನೆಲದ ಮೇಲೆ ಮರೆಯಿಲ್ಲದೆ ಕುಳಿತ ಚಿರತೆಯು, ಜೀವವೆಂಬುದು ನೋಡುವವನ ಸೊತ್ತೆಂದು ಕಲಿಸುತ್ತದೆ. ಹುಲ್ಲು, ಪೊದೆ, ಬಂಡೆಗಳ ನಡುವೆ ತನಗೆ ಬೇಡವಾದಾಗ ಮರೆಯಾಗಬಲ್ಲ ಚಿರತೆಯು, ತನ್ನ ದರ್ಶನವು ತಾನು ಕೊಟ್ಟರುಂಟು ಕೊಡದಿದ್ದರಿಲ್ಲವೆಂದು ಕಲಿಸುತ್ತದೆ. ಎರಡನೆಯ ಪಾಠವನ್ನು ಕಲಿತ ಮಗು ಆ ದಿನ ಚಿರತೆಯನ್ನು ಕಾಣದೆ ಹಿಂದಿರುಗಿದರೂ ಅದಕ್ಕೆ ನಷ್ಟವಿಲ್ಲ.

ಆದುದರಿಂದ ನೋಡುವವನ ಧರ್ಮವು ಕಣ್ಣು ಮುಚ್ಚಿಕೊಳ್ಳುವುದೂ ಅಲ್ಲ, ನೋಡಿ ಮರೆಯುವುದೂ ಅಲ್ಲ. ಕಲ್ಲೆಸೆದು, ಕೂಗಿ ಪ್ರಾಣಿಯನ್ನು ಎಬ್ಬಿಸುವವನನ್ನು ತಡೆಯುವುದು. ಹೊಸ ಪ್ರಾಣಿಯೊಂದು ಬೇಕೆಂದು ಕೇಳುವುದಕ್ಕಿಂತ ಇದ್ದ ಪ್ರಾಣಿಯ ನೆಲ ವಿಸ್ತಾರವಾಗಲೆಂದು ಕೇಳುವುದು. ಮೃಗಾಲಯದ ದತ್ತುಯೋಜನೆಯ ಮೂಲಕ ಶಕ್ತ್ಯನುಸಾರ ಅದರ ಪೋಷಣೆಯ ಭಾರವನ್ನು ಹೊರುವುದು. ಎಲ್ಲಕ್ಕೂ ಮಿಗಿಲಾಗಿ, ಕಪ್ಪತಗುಡ್ಡದ ಮೇಲೆ ಗಣಿಗಾರಿಕೆಯ ಕಣ್ಣು ಬಿದ್ದಾಗಲೆಲ್ಲ ಗುಡ್ಡದ ಪರವಾಗಿ ನಿಲ್ಲುವುದು: ಇವು ಅವನು ತೀರಿಸಬೇಕಾದ ಋಣ. ಸೆರೆಯಲ್ಲಿರುವ ಜೀವದಿಂದ ಆನಂದವನ್ನು ಪಡೆದವನು, ಸೆರೆಗೆ ಬಾರದೆ ಉಳಿದಿರುವ ಜೀವಗಳ ಸ್ವಾತಂತ್ರ್ಯವನ್ನು ಕಾಯುವುದಕ್ಕೆ ಬದ್ಧನಾಗಿದ್ದಾನೆ. ಆ ಬದ್ಧತೆಯನ್ನು ಒಪ್ಪಿಕೊಳ್ಳದವನಿಗೆ ಆ ಬಾಗಿಲನ್ನು ಹೊಗುವ ಅಧಿಕಾರವಿಲ್ಲವೆಂದೇ ನನ್ನ ದೃಢವಾದ ನಂಬಿಕೆ.