ಪೇರು, ಪೆರು ಮತ್ತು ಮದ್ರಾಸಿ

ವಡಾಲ ಸ್ಟೇಷನ್ನಿನ ಹೊರಗೆ ಕೈಗಾಡಿಯವನ ಹತ್ತಿರ ಪೇರು ಕೇಳಿದರೆ ಉಪ್ಪು-ಖಾರ ಹಚ್ಚಿದ ಸೀಬೆಹಣ್ಣು ಸಿಗುತ್ತದೆ. ಲಿಸ್ಬನ್ನಿನ ಹೋಟೆಲಿನಲ್ಲಿ 'ಪೆರು' ಅಂದರೆ ಟರ್ಕಿ ಕೋಳಿ. ಪೋರ್ಚುಗೀಸರು ಆ ಹಕ್ಕಿಗೆ ಪೆರು ದೇಶದ ಹೆಸರಿಟ್ಟರು. ಹಕ್ಕಿ ಮಾತ್ರ ಮೆಕ್ಸಿಕೋದ್ದು. (ನಮ್ಮ ಹಣ್ಣಿಗೆ ಹೆಸರು ಬಂದದ್ದು ಆ ದೇಶದಿಂದಲೋ, ಪೋರ್ಚುಗೀಸಿನ ಪೇರ್ ಹಣ್ಣು 'ಪೇರ'ದಿಂದಲೋ ಎಂಬುದಕ್ಕೆ ಎರಡೂ ಕಡೆ ವಾದಗಳಿವೆ.)

ಫ್ರೆಂಚರು ಅದನ್ನು 'ದ್ಯಾಂದ್' ಎನ್ನುತ್ತಾರೆ, ಅಂದರೆ 'ಇಂಡಿಯಾದ' ಕೋಳಿ. ಕೊಲಂಬಸ್ ಮುಟ್ಟಿದ ನೆಲವನ್ನು ಇಂಡಿಯಾ ಎಂದುಕೊಂಡದ್ದರ ಶೇಷ ಅದು. ಡಚ್ಚರು ಇನ್ನೂ ಮುಂದೆ ಹೋಗಿ ಅದಕ್ಕೆ ನಮ್ಮ ಕಲ್ಲಿಕೋಟೆಯ ವಿಳಾಸವನ್ನೇ ಕೊಟ್ಟರು: 'ಕಾಲ್ಕೂನ್'. ಸ್ಪೇನಿನ ಕಥೆ ನನಗೆ ಹೆಚ್ಚು ಇಷ್ಟ. ಲ್ಯಾಟಿನ್ನಿನಲ್ಲಿ 'ಪಾವೊ' ಅಂದರೆ ನವಿಲು. ಸ್ಪೇನಿನವರು ಆ ಹೆಸರನ್ನು ಹೊಸ ಹಕ್ಕಿಗೆ ಕೊಟ್ಟರು, ಮೊದಲಿದ್ದ ನವಿಲು 'ಪಾವೊ ರಿಯಾಲ್', ರಾಜನವಿಲು, ಎಂದು ಬಾಲ ಸೇರಿಸಿಕೊಂಡು ಬದುಕಬೇಕಾಯಿತು. ಬ್ರೆಜಿಲ್‌ನಲ್ಲಿ ಇಸ್ಪೀಟಾಟದ ಪಕ್ಕ ನಿಂತು ಕೇಳದಿದ್ದರೂ ಸಲಹೆ ಕೊಡುವವನಿಗೂ 'ಪೆರು' ಅನ್ನುತ್ತಾರಂತೆ. ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಇಷ್ಟು ನಿಖರವಾದ ಪದ ಕನ್ನಡದಲ್ಲಿಲ್ಲ.

1612ರಲ್ಲಿ ಮುಕರ್ರಬ್ ಖಾನ್ ಗೋವಾದಿಂದ ಈ ಹಕ್ಕಿಯನ್ನು ಜಹಾಂಗೀರನಿಗೆ ತಂದುಕೊಟ್ಟ. ಬಾದಶಹ ಮನ್ಸೂರನಿಂದ ಚಿತ್ರ ಬರೆಸಿದ, ಕತ್ತಿನ ಬಣ್ಣ ಬದಲಾಗುವುದನ್ನು ಗಮನಿಸಿ ಬರೆದಿಟ್ಟ, ಹೆಸರು ಯಾರಿಗೂ ಗೊತ್ತಿಲ್ಲವೆಂದೂ ಬರೆದ. ಹೆಸರಿಡುವ ಆತುರ ಇಲ್ಲದ ಕಾರಣ ನೋಡಲು ಸಮಯ ಸಿಕ್ಕಿತೇನೋ!

ತಪ್ಪು ಊರಿನ ಹೆಸರು ಅನ್ಯಾಯವೇ? ಹಕ್ಕಿಗೆ ಏನೂ ಆಗಲಿಲ್ಲ. ಮನುಷ್ಯನಿಗೆ? ಮುಂಬಯಿಯಲ್ಲಿ ಕನ್ನಡಿಗ 'ಮದ್ರಾಸಿ'. ಸುಳ್ಳು ಎಂದು ಸಿಟ್ಟಾಗುವುದು ಸುಲಭ, ಆದರೆ ಅದು ಪೂರ್ತಿ ಸುಳ್ಳಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲೇ ಇತ್ತು. ಮಾಟುಂಗದಲ್ಲಿ ಮೊದಲು ಇಡ್ಲಿ ಬೇಯಿಸಿದ ಉಡುಪಿಯವರು ಕಾಗದಪತ್ರದ ಲೆಕ್ಕದಲ್ಲಿ ಮದ್ರಾಸಿಗಳೇ. ಧಾರವಾಡ, ವಿಜಾಪುರದವರಂತೂ ಮುಂಬಯಿ ಪ್ರಾಂತದವರು, ವಲಸಿಗರೇ ಅಲ್ಲ! ಇಷ್ಟಾಗಿಯೂ, 1966ರಲ್ಲಿ ಹುಟ್ಟಿದ ಶಿವಸೇನೆಯ ಸಿಟ್ಟು ದಕ್ಷಿಣದವರ ಮೇಲೆ ತಿರುಗಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಾಗ, ಯಾರೂ ಜಿಲ್ಲೆಯ ಹಳೆಯ ನಕ್ಷೆ ನೋಡಿ ಕಲ್ಲೆಸೆಯಲಿಲ್ಲ.

ಆದ್ದರಿಂದ ಹೆಸರು ನಿಜವೋ ಸುಳ್ಳೋ ಎಂಬುದು ಇಲ್ಲಿ ಅಳತೆಗೋಲಲ್ಲ. ಒಂದು ಕಾಲಕ್ಕೆ ನಿಜವಿದ್ದ ಹೆಸರೂ ನೋಯಿಸಬಲ್ಲದು, ಕಲ್ಲಿಕೋಟೆಯಂಥ ಶುದ್ಧ ಸುಳ್ಳೂ ಯಾರಿಗೂ ತಾಗದೆ ಐನೂರು ವರ್ಷ ಬಾಳಬಲ್ಲದು. ವ್ಯತ್ಯಾಸ ಇರುವುದು, ಕರೆಸಿಕೊಂಡವನು ತಿದ್ದಿದ ಮೇಲೆ ಕರೆದವನು ಏನು ಮಾಡುತ್ತಾನೆ ಎಂಬಲ್ಲಿ. ಹಕ್ಕಿ ತಿದ್ದಲಾರದು, ಅದನ್ನು ಸಾಕಿದವರು ತಿದ್ದಬಹುದಿತ್ತು. ನಾವಾಟ್ಲ್ ಭಾಷೆಯಲ್ಲಿ ಅದಕ್ಕೊಂದು ಹೆಸರು ಇದ್ದೇ ಇತ್ತು, ಅದರಿಂದ ಬಂದ 'ಗ್ವಾಹೊಲೋತೆ' ಮೆಕ್ಸಿಕೋದಲ್ಲಿ ಈಗಲೂ ಬಳಕೆಯಲ್ಲಿದೆ. ಯುರೋಪಿಗೆ ಅದು ಬೇಕಾಗಲಿಲ್ಲ.

ನಮ್ಮ ಕಡೆಯ ಲೆಕ್ಕವೂ ಚೊಕ್ಕಟವಿಲ್ಲ. ಮದ್ರಾಸಿ ಅಂದರೆ ಉರಿದುಬೀಳುವ ಅದೇ ಬಾಯಿಗಳಲ್ಲಿ ರಾಜಸ್ಥಾನದಿಂದ ಬಂದ ಪ್ರತಿಯೊಬ್ಬ ವ್ಯಾಪಾರಿಯೂ 'ಮಾರ್ವಾಡಿ', ಉತ್ತರದ ಪ್ರತಿ ಟ್ಯಾಕ್ಸಿಯವನೂ 'ಭಯ್ಯಾ'. ಬೆಂಗಳೂರಿನ ಸಲೂನಿನಲ್ಲಿ ಕತ್ತರಿ ಹಿಡಿದ ಹುಡುಗ ಇಂಫಾಲ ಎಂದು ಎರಡು ಸಲ ಹೇಳಿದರೂ, ಕುರ್ಚಿಯಲ್ಲಿ ಕೂತವರು ಮೂರನೆಯ ಸಲವೂ ನೇಪಾಳದ ಹವೆ ಹೇಗಿದೆ ಎಂದೇ ಕೇಳುತ್ತಾರೆ.