ರುಚಿ ನೋಡುವುದು, ಕುಡಿಯುವುದು



ಚಿಗಟೇರಿಯ ತಾಯಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ಕುಡಿಯೋದು ಪಾಪ ಅಂತೀರಲ್ಲ ಸ್ವಾಮೇರ, ಪೂಜೆಯಾಗ ನೀವು ಕುಡಿಯೋದೇನು ಮತ್ತೆ?" ಆಕೆಯ ಪತಿ ಕೂಲಿಯ ಹಣವನ್ನು ಮನೆಗೆ ತರುವುದನ್ನು ಬಿಟ್ಟು ವರ್ಷಗಳಾಗಿದ್ದವು. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಆಕೆ ಹಿಗ್ಗಿದ್ದರಂತೆ. ಆ ಜಾಗವನ್ನು ಅಗ್ಗದ ವಿಸ್ಕಿಯ ಪೊಟ್ಟಣ ತುಂಬಲು ಹೆಚ್ಚು ದಿನ ಬೇಕಾಗಲಿಲ್ಲ. ನಾನು ದೈವಶಾಸ್ತ್ರದ ಉತ್ತರ ಕೊಟ್ಟೆ. ಉತ್ತರವೇನೋ ಸರಿಯಾದುದೇ. ಆದರೆ ಅದು ಆಕೆಯ ಪ್ರಶ್ನೆಯನ್ನು ಮುಟ್ಟಲಿಲ್ಲವೆಂದು ಆಕೆಯ ಮುಖವೇ ಹೇಳಿತು.

ಆ ಪ್ರಶ್ನೆ ಮತ್ತೆ ನೆನಪಾದದ್ದು, ಜರ್ಮನಿಯಿಂದ ಬಂದಿದ್ದ ಗುರುಮಿತ್ರರೊಬ್ಬರು ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಾರಸದ ಸೀಸೆಯನ್ನು ನನ್ನ ಮುಂದಿಟ್ಟಾಗ. ಅದರ ಮೇಲೆ ಸ್ಟೈನ್‌ಬರ್ಗ್ ಎಂದಿತ್ತು. ಅದು ರೈನ್ ನದಿಯ ಸೀಮೆಯ ಒಂದೇ ಒಂದು ಇಳಿಜಾರಿನ ತೋಟದ ಹೆಸರು. 1136ರಲ್ಲಿ ಸ್ಥಾಪನೆಯಾದ ಎಬರ್‌ಬಾಖ್ ಮಠದ ಸಿಸ್ಟರ್ಸಿಯನ್ ಸನ್ಯಾಸಿಗಳು ಅದನ್ನು ಬೆಳೆಸಿದರು, ಸುತ್ತ ಕಲ್ಲುಗೋಡೆ ಕಟ್ಟಿದರು. 1803ರಲ್ಲಿ ಮಠ ಮುಚ್ಚಿತು. ತೋಟ ಇಂದು ಹೆಸ್ಸೆ ರಾಜ್ಯದ ಸ್ವತ್ತು. ಚಳಿನಾಡಿನಲ್ಲಿ ಸೂರ್ಯ ಬಾಗಿಯೇ ಸಾಗುತ್ತಾನೆ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿಗೆ ಮಾತ್ರ ಬಿಸಿಲು ನೇರವಾಗಿ ಬೀಳುತ್ತದೆ. ರೀಸ್ಲಿಂಗ್ ತಡವಾಗಿ ಹಣ್ಣಾಗುವ ತಳಿ, ಹಣ್ಣಾದರೂ ಹುಳಿಯನ್ನು ಬಿಟ್ಟುಕೊಡದು. ನಮ್ಮ ಸೀಮೆಯಲ್ಲಿ ಕಷ್ಟ ಬೇರೆ: ಬಿಸಿಲಿಗೆ ಬರವಿಲ್ಲ, ಹುಳಿ ಉಳಿಯುವುದಿಲ್ಲ. ಆದರೂ ಕೊಪ್ಪಳ ಜಿಲ್ಲೆಯ ಗುಡ್ಡಗಳ ನಡುವೆ ಕ್ರಿಷ್ಮಾ ತೋಟದವರು ತಾವೇ ಬೆಳೆದ ಹಣ್ಣಿನಿಂದ ದ್ರಾಕ್ಷಾರಸ ತೆಗೆಯುತ್ತಿದ್ದಾರೆ. ಅದು ರೀಸ್ಲಿಂಗ್ ಅಲ್ಲ, ಸೊವಿನ್ಯೊಂ ಬ್ಲಾಂ, ಕ್ಯಾಬರ್ನೆ ಮೊದಲಾದ ತಳಿಗಳದು.

ಮಿತ್ರರು ನನ್ನನ್ನು ತಕ್ಷಣ ಕುಡಿಯಗೊಡಲಿಲ್ಲ. ಮೊದಲು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಬೇಕು, ಬಳಿಕ ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಬೇಕು. ಇದು 'ಒಣ' ಬಗೆಯದು. ಹಣ್ಣಿನ ಸಕ್ಕರೆ ಬಹುಪಾಲು ಹುದುಗಿ ಹೋಗಿರುತ್ತದೆ. ಜರ್ಮನಿಯ ನಿಯಮದಂತೆ ಲೀಟರಿಗೆ 9 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದರೆ ಆ ಹೆಸರು ಸಲ್ಲದು. ಮೊದಲ ಗುಟುಕಿಗೆ ನಾನು ಮುಖ ಕಿವುಚಿದೆ. ಎರಡನೆಯದರಲ್ಲಿ ನಿಂಬೆಯ ಸಿಪ್ಪೆ, ಕಾಯಿಸೇಬು, ಮಳೆ ಬಿದ್ದ ಕಲ್ಲಿನಂತಹ ಏನೋ ಒಂದು. ಅರ್ಧ ಗಂಟೆಯಾದರೂ ಲೋಟ ಬರಿದಾಗಲಿಲ್ಲ, ಇನ್ನೊಂದು ಬೇಕೆನಿಸಲೂ ಇಲ್ಲ.

ಆಗ ಹೊಳೆಯಿತು: ಚಿಗಟೇರಿಯ ಆ ಮನುಷ್ಯ ಎಂದೂ ರುಚಿ ನೋಡಿದವನೇ ಅಲ್ಲ. ಉಸಿರು ಬಿಗಿಹಿಡಿದು ಗಂಟಲಿಗೆ ಸುರಿದುಕೊಳ್ಳುತ್ತಾನೆ. ಅವನಿಗೆ ಬೇಕಾದುದು ರುಚಿಯಲ್ಲ, ಮರೆವು. ಸುಖವನ್ನು ಸವಿಯಲಾರದ ಜಡತನವನ್ನೂ ಸಂತ ಥಾಮಸ್ ಅಕ್ವಿನಾಸರು ದೋಷವೆಂದೇ ಎಣಿಸಿದರು. ಕುಡುಕನನ್ನು ನಾವು ಸುಖಲೋಲುಪನೆಂದು ಬೈಯುತ್ತೇವೆ. ನಿಜಕ್ಕೂ ಅವನು ಸವಿಯನ್ನೇ ಕಳೆದುಕೊಂಡವನಲ್ಲವೇ?

ಆದರೆ ಇದನ್ನು ನೆಪ ಮಾಡಿಕೊಳ್ಳಬೇಡಿ. ತೋಟದ ಹೆಸರು, ವರ್ಷ ಎಲ್ಲ ಬಲ್ಲವರೂ ಕುಡುಕರಾಗಬಲ್ಲರು, ಅವರ ಮನೆಯಲ್ಲಿ ಅದಕ್ಕೆ ಆ ಹೆಸರಿಲ್ಲ, ಅಷ್ಟೆ. ಮಠವಾಸಿಗಳಿಗೆ ದ್ರಾಕ್ಷಾರಸವೇ ಬೇಡವೆಂದು ಬಗೆದಿದ್ದ ಸಂತ ಬೆನೆಡಿಕ್ಟರು ಅವರನ್ನು ಒಪ್ಪಿಸಲಾರದೆ ದಿನಕ್ಕೊಂದು ಅಳತೆಯನ್ನು ಗೊತ್ತುಮಾಡಿದರು. ಸಹೋದರನು ಎಡವುವುದಾದರೆ ದ್ರಾಕ್ಷಾರಸವನ್ನೇ ಬಿಡುವುದು ಲೇಸೆಂಬುದು ಸಂತ ಪೌಲರ ಮಾತಿನ ಸಾರ. ಕುಡಿತದ ಗಾಯವಿರುವ ಮನೆಗೆ ಸೀಸೆ ಒಯ್ಯುವವನು ಎಷ್ಟೇ ರಸಿಕನಾದರೂ ಕ್ರೂರಿ. ಮಿತ್ರರ ಸೀಸೆಯ ವಿಷಯವನ್ನು ನಾನು ಆ ತಾಯಿಗೆ ಹೇಳಲಿಲ್ಲ.

ಮುಂದೊಂದು ದಿನ ಆಕೆಯ ಮನೆಗೆ ಹೋದಾಗ ಬಿಸಿ ರೊಟ್ಟಿ ಬಡಿಸಿ, "ಇದು ಎರಿ ಹೊಲದ ಜ್ವಾಳ ಸ್ವಾಮೇರ, ಮಸಾರಿದಲ್ಲ. ಬಾಯಾಗ ಇಟ್ಟ ಕೂಡಲೇ ಗೊತ್ತಾಗ್ತದೆ" ಎಂದರು. ನಾನು ನಿಧಾನವಾಗಿ ಅಗಿದೆ. ಒಲೆಯ ಪಕ್ಕದಲ್ಲಿ ಪತಿಯ ಪಾಲಿನ ರೊಟ್ಟಿ ಹಿಂದಿನ ರಾತ್ರಿಯಿಂದ ಮುಚ್ಚಿಟ್ಟಂತೆಯೇ ಇತ್ತು.