ಯಾರ ಹಿಂದೆ ಹೊರಟಿದ್ದೇವೆ?



ಶಿಕಾರಿಪುರ, ಸೊರಬದ ಕಡೆ ಶುಂಠಿ ಹಾಕುವ ರೈತನು ಬೀಜದ ಗಡ್ಡೆಯ ಬಣ್ಣಕ್ಕೆ ಮರುಳಾಗುವುದಿಲ್ಲ. ಅದು ಯಾರ ಹೊಲದ್ದು, ಕಳೆದ ಮಳೆಗಾಲದಲ್ಲಿ ಅಲ್ಲಿ ಕೊಳೆರೋಗವಿತ್ತೇ ಎಂದು ವಿಚಾರಿಸುತ್ತಾನೆ. ಏಕೆಂದರೆ ರೋಗವು ಗಡ್ಡೆಯೊಳಗೇ ಅಡಗಿ ಬರುತ್ತದೆ. ಇಷ್ಟು ಜಾಗರೂಕನಾದ ಮನುಷ್ಯನು ರಾತ್ರಿ ಮೊಬೈಲ್ ಹಿಡಿದಾಗ, ಮಾತನಾಡುವವನು ಯಾರು, ಯಾರಿಂದ ಕಲಿತವನು ಎಂದು ಕೇಳದೆಯೇ ‘ಫಾಲೋ’ ಒತ್ತಿಬಿಡುತ್ತಾನೆ!

ಫಾಲೋ ಎಂದರೆ ಹಿಂಬಾಲಿಸುವುದು. ಅದು ಹಗುರವಾದ ಪದವಲ್ಲ. ಅಂತ್ಯದಿನದಂದು ಅಕ್ರಮಿಯು ತನ್ನ ಕೈ ಕಚ್ಚಿಕೊಂಡು, ಇಂಥವನನ್ನು ಗೆಳೆಯನಾಗಿ ಮಾಡಿಕೊಳ್ಳಬಾರದಿತ್ತೆಂದು ಹಲುಬುವ ದೃಶ್ಯವು ಅಲ್‌ಫುರ್ಕಾನ್ ಅಧ್ಯಾಯದಲ್ಲಿದೆ. ಪ್ರವಾದಿವರ್ಯರು(ಸ) ಒಳ್ಳೆಯ ಗೆಳೆಯನನ್ನು ಕಸ್ತೂರಿ ಹೊತ್ತವನಿಗೂ ಕೆಟ್ಟ ಗೆಳೆಯನನ್ನು ಕುಲುಮೆಯ ತಿದಿ ಊದುವವನಿಗೂ ಹೋಲಿಸಿದ್ದಾರೆ. ಕುಲುಮೆಯ ಬಳಿ ಕುಳಿತವನ ಬಟ್ಟೆ ಸುಡದಿದ್ದರೂ ದುರ್ವಾಸನೆ ತಪ್ಪದು. ‘ನಾನು ಸುಮ್ಮನೆ ನೋಡುತ್ತೇನಷ್ಟೆ’ ಎನ್ನುವವರು ಇದನ್ನು ಯೋಚಿಸಲಿ. ಯೂಟ್ಯೂಬಿನಲ್ಲಿ ಒಂದು ಜಗಳದ ವಿಡಿಯೋ ನೋಡಿದರೆ ಅಂಥದ್ದೇ ಹತ್ತು ತಾವಾಗಿಯೇ ಎದುರಿಗೆ ಬರುತ್ತವೆ.

ಹದೀಸ್ ಸಂಗ್ರಹಕಾರರು ವರದಿಗಾರನ ಪ್ರಾಮಾಣಿಕತೆ, ಸ್ಮರಣಶಕ್ತಿ, ಅವನು ಯಾರನ್ನು ಕಂಡು ಕೇಳಿದ್ದಾನೆ ಎಂಬುದನ್ನೆಲ್ಲ ಪರಿಶೀಲಿಸಿದರು. ಮದೀನಾದ ಇಮಾಮ್ ಮಾಲಿಕ್(ರ) ಎಷ್ಟೋ ಸಜ್ಜನರನ್ನು ಗೌರವಿಸಿದರೂ, ಹೇಳುವ ವಿಷಯದ ಅರಿವು ಅವರಿಗಿಲ್ಲವೆಂದು ಹದೀಸ್ ಸ್ವೀಕರಿಸಲಿಲ್ಲವಂತೆ. ಅಂದರೆ ಸಜ್ಜನಿಕೆಯೊಂದೇ ಸಾಲದಾಯಿತು. ಇಂದಾದರೋ ಗಂಭೀರವಾದ ಕಂಠ, ಹಿನ್ನೆಲೆಯಲ್ಲಿ ಕಅಬಾದ ಚಿತ್ರವಿದ್ದರೆ ಸಾಕು, ಲಕ್ಷಾಂತರ ಮಂದಿ ಹಿಂದೆ ನಿಲ್ಲುತ್ತಾರೆ. ವರ್ಷಗಟ್ಟಲೆ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಮದ್ರಸದ ಉಸ್ತಾದರ ಮಾತು ಕೇಳಲು ಹತ್ತು ಮಂದಿಗೂ ಬಿಡುವಿಲ್ಲ.

ಇದು ಕೇವಲ ಧಾರ್ಮಿಕ ಚರ್ಚೆಯ ಮಾತಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಜನರು ಹೊಡೆದು ಕೊಂದರು. ಅವರ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಹಂಚಿದ್ದರು. ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ವಾಟ್ಸಾಪ್ ಸುದ್ದಿ ಅವರಿಗಿಂತ ಮುಂಚೆ ಆ ಊರು ತಲುಪಿತ್ತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಆದರೆ ಸುದ್ದಿ ತಂದವನನ್ನು ಪರೀಕ್ಷಿಸಿರಿ, ಅರಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡದಿರಿ ಎಂಬ ಆಜ್ಞೆ ಅಲ್‌ಹುಜುರಾತ್ ಅಧ್ಯಾಯದಲ್ಲಿ ಎಂದೋ ಬಂದಿದೆ. ಶಿರಾಳಕೊಪ್ಪದ ಪೇಟೆಯಲ್ಲಿ ಇಪ್ಪತ್ತು ವರ್ಷಗಳಿಂದ ಪಕ್ಕದ ಅಂಗಡಿಯಲ್ಲಿರುವ ನೆರೆಯವನನ್ನು, ನಾವೆಂದೂ ಕಾಣದ ಒಬ್ಬನ ಮಾತು ಕೇಳಿ ಸಂಶಯಿಸುವುದು ಯಾವ ನ್ಯಾಯ?

ಇಂದು ಇಶಾ ನಮಾಝಿನ ಬಳಿಕ ನಿಮ್ಮ ಮೊಬೈಲಿನ ಆ ಪಟ್ಟಿಯನ್ನು ತೆರೆಯಿರಿ. ಇವನು ಎಲ್ಲಿ ಕಲಿತವನು? ತಪ್ಪಾದಾಗ ಎಂದಾದರೂ ತಿದ್ದಿ ಹೇಳಿದ್ದಾನೆಯೇ? ಇವನ ಮಾತು ಕೇಳಿದ ಮೇಲೆ ನನಗೆ ನಮಾಝಿನತ್ತ ಮನಸ್ಸು ಹರಿಯುತ್ತದೆಯೇ, ಜಗಳದತ್ತಲೇ? ಉತ್ತರ ಸಿಗದ ಹೆಸರನ್ನು ತೆಗೆದುಬಿಡಿ. ಮನೆಯ ಮಕ್ಕಳ ಪಟ್ಟಿಯನ್ನೂ ಅವರ ಜೊತೆಯಲ್ಲೇ ಕುಳಿತು, ಗದರಿಸದೆ ನೋಡಿ.